ನಮ್ಮ ಮನೆಯ ಸ್ಪೀಕರ್‌ಗೆ ಒಪ್ಪಿಗೆ ಕೊಟ್ಟವರು ಯಾರು?

ನಮ್ಮ ಮನೆಯಲ್ಲಿರುವ, ಹೆಸರು ಹಿಡಿದು ಕರೆದರೆ ಉತ್ತರ ಕೊಡುವ ಸ್ಮಾರ್ಟ್ ಸ್ಪೀಕರ್‌ಗೆ ಕನ್ನಡ ಬರುವುದಿಲ್ಲ. ಆದರೆ ಅದು ಉಳಿಸಿಕೊಂಡ ಮಾತುಗಳ ಹಿಸ್ಟರಿ ತೆಗೆದರೆ ಬೇಕಾದಷ್ಟು ಕನ್ನಡ ಇದೆ. ಅದಕ್ಕೆಂದು ಯಾರೂ ಹೇಳಿದ ಮಾತಲ್ಲ. ನಾವು ನಾವೇ ಆಡಿಕೊಂಡ ಮಾತು.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಏಳರಿಂದ ಹತ್ತನೇ ಕ್ಲಾಸಿನವರೆಗೆ, ಗಣಿತ ಮತ್ತು ವಿಜ್ಞಾನ. ಸಂಜೆಯಾದರೆ ಹಾಲ್ ತುಂಬ ಮಕ್ಕಳು. ಬೆಂಗಳೂರಿನಲ್ಲಿರುವ ಮೈದುನ ಈ ಸ್ಪೀಕರ್ ತಂದದ್ದು ಅತ್ತೆಗಾಗಿ. ಅತ್ತೆಗೆ ಗ್ಲುಕೋಮ. ಫೋನಿನ ಅಕ್ಷರ ಕಾಣುವುದಿಲ್ಲ, ಗೋಡೆ ಗಡಿಯಾರ ಮಸುಕು. ಈಗ ಅವರು ಕೂತಲ್ಲಿಂದಲೇ ಇಂಗ್ಲಿಷಿನಲ್ಲಿ ಟೈಮ್ ಕೇಳುತ್ತಾರೆ. ಬೆಳಿಗ್ಗೆ ವಚನ ಹಾಕಿಸಿಕೊಳ್ಳುತ್ತಾರೆ. ಬಿಪಿ ಮಾತ್ರೆಯ ಹೊತ್ತಿಗೆ ಅದೇ ಕೂಗಿ ಎಚ್ಚರಿಸುತ್ತದೆ. ಯಾರನ್ನೂ ಕರೆಯದೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು ಅವರಿಗೆ ಎಷ್ಟು ದೊಡ್ಡ ಸಮಾಧಾನ ಅಂತ ನಾನು ದಿನಾ ನೋಡುತ್ತೇನೆ. ಹಾಗಾಗಿ ಇದನ್ನು ಎತ್ತಿ ಬಿಸಾಡಿ ಎಂದು ಹೇಳಲು ಈ ಬರಹ ಬರೆಯುತ್ತಿಲ್ಲ.

ಮಾತ್ರೆಯ ಟೈಮ್ ಬದಲಾಯಿಸಬೇಕಿತ್ತು. ಅದಕ್ಕೆ ಮೈದುನ ನನ್ನ ಫೋನಿನಲ್ಲೂ ಆ್ಯಪ್ ಹಾಕಿಕೊಟ್ಟಿದ್ದ. ಮೆನುವಿನಲ್ಲಿ ಹುಡುಕುತ್ತಾ ಹೋದಾಗ ವಾಯ್ಸ್ ಹಿಸ್ಟರಿ ಸಿಕ್ಕಿತು. ತಾರೀಕು, ಗಂಟೆ, ಪಕ್ಕದಲ್ಲಿ ಪ್ಲೇ ಗುರುತು. ಒತ್ತಿದರೆ ನಮ್ಮದೇ ದನಿ.

ಹೆಚ್ಚಿನವು ಅತ್ತೆಯವು. ಹಾಡು, ಟೈಮ್, ಮಳೆ ಬರುತ್ತಾ ಇಲ್ವಾ. ನಡುನಡುವೆ ಬೇರೆ ಥರದ ತುಣುಕುಗಳು. ಒಂದರಲ್ಲಿ ನಾನು ಒಬ್ಬ ಹುಡುಗಿಯನ್ನು ಕರೆದು ಬೋರ್ಡ್ ನೋಡು ಅನ್ನುತ್ತಿದ್ದೇನೆ. ಆ ಹುಡುಗಿಯ ಹೆಸರು ಸ್ಪೀಕರನ್ನು ಕರೆಯುವ ಹೆಸರಿಗೆ ಹತ್ತಿರ. ಅವಳನ್ನು ಕರೆದಾಗಲೆಲ್ಲ ಇದು ಎದ್ದು ಕೂತಿದೆ. ಇನ್ನೊಂದರಲ್ಲಿ ಅತ್ತೆಯ ಕೆಮ್ಮು, ಆಮೇಲೆ "ಯಪ್ಪಾ ಶಿವನೇ". ಮತ್ತೊಂದರಲ್ಲಿ ಒಬ್ಬ ಹುಡುಗ ಪಿಸುಮಾತಿನಲ್ಲಿ, "ಮಿಸ್, ಈ ಮಾರ್ಕ್ಸ್ ಅಪ್ಪಂಗೆ ಹೇಳಬ್ಯಾಡ್ರಿ ಮಿಸ್, ಹೊಡೀತಾರೆ." ಆ ಮಾತು ಅವನು ನನ್ನನ್ನು ನಂಬಿ ಹೇಳಿದ್ದು. ಉಳಿದ ಮಕ್ಕಳಿಗೆ ಕೇಳದಂತೆ ನನ್ನ ಹತ್ತಿರ ಬಂದು ಹೇಳಿದ್ದು. ನಾವು ನಿಂತಿದ್ದದ್ದು ಶೋಕೇಸಿನ ಪಕ್ಕ, ಸ್ಪೀಕರ್ ಇದ್ದದ್ದು ಅಲ್ಲೇ.

ಇನ್ನೊಂದು ತುಣುಕು ಮನೆಗೆಲಸಕ್ಕೆ ಬರುವ ಅಕ್ಕನದು. ಹಾಲ್ ಒರೆಸುತ್ತಾ ಫೋನಿನಲ್ಲಿ ಮಾತಾಡುತ್ತಿದ್ದಾರೆ. ಸಾಲದ ಕಂತಿನ ವಿಷಯ. ಈ ವಾರ ಕಟ್ಟಲು ಆಗುವುದಿಲ್ಲ, ಮುಂದಿನ ವಾರ ಎರಡೂ ಸೇರಿಸಿ ಕಟ್ಟುತ್ತೇನೆ ಅಂತ ಯಾರನ್ನೋ ಕೇಳಿಕೊಳ್ಳುತ್ತಿದ್ದಾರೆ. ಕೆಲವೇ ಸೆಕೆಂಡು. ಅದರ ಕೆಳಗೆ ಆ್ಯಪ್ ಅರ್ಥವಿಲ್ಲದ ಇಂಗ್ಲಿಷ್ ಪದಗಳನ್ನು ಬರೆದುಕೊಂಡಿತ್ತು. ಮಾತು ಅದಕ್ಕೆ ತಿಳಿದಿಲ್ಲ. ದನಿಯನ್ನು ಮಾತ್ರ ಇಟ್ಟುಕೊಂಡಿದೆ.

ಇದನ್ನೆಲ್ಲ ಕೇಳಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಈ ಡಬ್ಬಿಗೆ "ಐ ಅಗ್ರೀ" ಒತ್ತಿದ್ದು ಮೈದುನ. ಅವನು ಇರುವುದು ಬೆಂಗಳೂರಿನಲ್ಲಿ. ಇಲ್ಲಿ ಇದರ ಮುಂದೆ ಮಾತಾಡುವ ಅತ್ತೆ, ಕೆಲಸದ ಅಕ್ಕ, ಯಾರ್ಯಾರದೋ ಮನೆಯ ಮಕ್ಕಳು, ಬಂದುಹೋಗುವ ನೆಂಟರು, ಇವರಲ್ಲಿ ಒಬ್ಬರನ್ನೂ ಯಾರೂ ಕೇಳಿಲ್ಲ.

ಈ ಯಂತ್ರ ಹೇಗೆ ಕೇಳಿಸಿಕೊಳ್ಳುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಇಡೀ ದಿನ ನಮ್ಮ ಮಾತನ್ನೆಲ್ಲ ಕಂಪನಿಗೆ ಕಳಿಸುತ್ತದೆ ಅನ್ನುವ ಭಯ ಹಲವರಲ್ಲಿದೆ. ಅದರ ಕೆಲಸ ಹಾಗಲ್ಲ. ಒಳಗೆ ಹಲವು ಮೈಕ್ ಇರುತ್ತವೆ. ಅಮೆಜಾನ್ 2014ರಲ್ಲಿ ಅಮೆರಿಕದಲ್ಲಿ ಬಿಟ್ಟ ಮೊದಲ ಎಕೋ ಸ್ಪೀಕರಿನಲ್ಲೇ ಏಳು ಇದ್ದವು. ಅವು ಯಾವಾಗಲೂ ಕೇಳುತ್ತಿರುತ್ತವೆ. ಕೊನೆಯ ಕೆಲವು ಸೆಕೆಂಡಿನ ಸದ್ದು ಮಾತ್ರ ಡಬ್ಬಿಯೊಳಗೇ ಉಳಿಯುತ್ತದೆ, ಅದರ ಮೇಲೆಯೇ ಮುಂದಿನ ಸದ್ದು ಬಂದು ಕೂರುತ್ತದೆ. ಒಳಗಿರುವ ಸಣ್ಣ ಪ್ರೋಗ್ರಾಮ್ ಆ ಸದ್ದಿನಲ್ಲಿ ವೇಕ್ ವರ್ಡ್, ಅಂದರೆ ಅದನ್ನು ಎಬ್ಬಿಸುವ ಹೆಸರು, ಇದೆಯಾ ಅಂತ ಹುಡುಕುತ್ತಿರುತ್ತದೆ. ಇದೆ ಅನ್ನಿಸಿದರೆ ದೀಪ ಹೊತ್ತುತ್ತದೆ. ಅಲ್ಲಿಂದ ಮುಂದಿನ ಮಾತು ಇಂಟರ್ನೆಟ್ಟಿನಲ್ಲಿ ಕಂಪನಿಯ ಸರ್ವರಿಗೆ, ಅಂದರೆ ದೂರದಲ್ಲಿರುವ ಅವರ ಕಂಪ್ಯೂಟರಿಗೆ ಹೋಗುತ್ತದೆ.

ಎಲ್ಲ ನಿಂತಿರುವುದು ಆ "ಅನ್ನಿಸಿದರೆ" ಮೇಲೆ. ಯಂತ್ರ ಹೌದು ಅಥವಾ ಅಲ್ಲ ಅಂತ ಖಚಿತವಾಗಿ ತಿಳಿಯುವುದಿಲ್ಲ. ಎಷ್ಟು ಹೋಲುತ್ತದೆ ಅಂತ ಅಂಕ ಹಾಕುತ್ತದೆ, ಇಷ್ಟು ದಾಟಿದರೆ ಏಳು ಅಂತ ಒಂದು ಗೆರೆ ಹಾಕಿರುತ್ತಾರೆ. ಗೆರೆ ಮೇಲಕ್ಕೆ ಹಾಕಿದರೆ ಅತ್ತೆಯಂಥವರು ಹತ್ತು ಸಲ ಕೂಗಬೇಕು, ಕೊಂಡವರು ಬೇಸರಪಟ್ಟು ಮೂಲೆಗೆ ಹಾಕುತ್ತಾರೆ. ಕೆಳಕ್ಕೆ ಹಾಕಿದರೆ ಕರೆಯದಿದ್ದರೂ ಏಳುತ್ತದೆ. ವ್ಯಾಪಾರ ಮಾಡುವವರು ಯಾವ ಕಡೆ ವಾಲುತ್ತಾರೆ ಅಂತ ಊಹಿಸುವುದು ಕಷ್ಟವಲ್ಲ. ಕೆಲವು ಕಂಪನಿಗಳ ಸರ್ವರಿನಲ್ಲಿ ಇನ್ನೊಮ್ಮೆ ಪರೀಕ್ಷೆಯೂ ಇರುತ್ತದೆ. ಹೆಸರು ಅಲ್ಲ ಅಂತ ಅಲ್ಲಿ ಗೊತ್ತಾದರೆ ದೀಪ ಆರುತ್ತದೆ. ಆದರೆ ಅಷ್ಟರಲ್ಲಿ ಒಂದೆರಡು ಮಾತು ಮನೆ ಬಿಟ್ಟು ಹೋಗಿಯೇ ಇರುತ್ತದೆ, ಅಲ್ವಾ?

2020ರಲ್ಲಿ ಜರ್ಮನಿಯ ಬೋಹುಮ್ ನಗರದ ರೂರ್ ವಿಶ್ವವಿದ್ಯಾಲಯದವರು ಮತ್ತು ಅವರ ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಬೇರೆ ಬೇರೆ ಕಂಪನಿಗಳ ಸ್ಪೀಕರ್‌ಗಳ ಮುಂದೆ ಟಿವಿ ಸೀರಿಯಲ್, ವಾರ್ತೆ ಎಲ್ಲ ಹಾಕಿ ಕೂತರು. ಅವನ್ನು ಸುಳ್ಳೇ ಎಬ್ಬಿಸುವ 1,000ಕ್ಕೂ ಹೆಚ್ಚು ಪದಗಳು ಸಿಕ್ಕವು. "ಎಲೆಕ್ಷನ್" ಅಂದರೆ ಅಲೆಕ್ಸಾ, ಅಂದರೆ ಅಮೆಜಾನ್ ಸ್ಪೀಕರಿನೊಳಗಿಂದ ಮಾತಾಡುವ ಸಹಾಯಕಿ, ಏಳುತ್ತಿತ್ತು. "ಅನಕ್ಸೆಪ್ಟಬಲ್" ಅಂದರೂ ಏಳುತ್ತಿತ್ತು. ಅವರು ಪರೀಕ್ಷಿಸಿದ ಭಾಷೆಗಳು ಇಂಗ್ಲಿಷ್, ಜರ್ಮನ್, ಚೈನೀಸ್. ಆ ಭಾಷೆಗಳನ್ನು ಕಲಿತ ಯಂತ್ರಗಳ ಕಥೆಯೇ ಹೀಗೆ. ನಮ್ಮ ಹಾಲಿನಲ್ಲಿ ಕನ್ನಡ ಕಲಿಯದ ಯಂತ್ರ ದಿನವಿಡೀ ಕನ್ನಡದೊಳಗೆ ತನ್ನ ಹೆಸರು ಹುಡುಕುತ್ತಾ ಕೂತಿದೆ.

ಒಮ್ಮೆ ಸುಳ್ಳೇ ಎದ್ದರೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದದ್ದು ನೋಡಬೇಕು. ಗಂಡ ಹೆಂಡತಿ ಮನೆಯ ಮರದ ನೆಲಹಾಸಿನ ವಿಷಯ ಮಾತಾಡುತ್ತಿದ್ದರು. ಆ ಮಾತು ರೆಕಾರ್ಡ್ ಆಗಿ, ಗಂಡನ ಕೈಕೆಳಗೆ ಕೆಲಸ ಮಾಡುವ ಸಿಯಾಟಲ್‌ನ ಒಬ್ಬರಿಗೆ ಹೋಯಿತು. ಅವರು ಫೋನ್ ಮಾಡಿ ಹೇಳಿದ ಮೇಲೆಯೇ ಇವರಿಗೆ ಗೊತ್ತಾದದ್ದು. ಅಮೆಜಾನ್ ಕೊಟ್ಟ ವಿವರಣೆ ಹೀಗಿತ್ತು: ಮಾತಿನ ನಡುವೆ ಯಾವುದೋ ಪದ "ಅಲೆಕ್ಸಾ" ಅಂತ ಕೇಳಿತು. ಮುಂದಿನದು "ಮೆಸೇಜ್ ಕಳಿಸು" ಅಂತ ಕೇಳಿತು. ಯಾರಿಗೆ ಅಂತ ಯಂತ್ರ ಜೋರಾಗಿಯೇ ಕೇಳಿತು. ಅವರ ಮಾತಿನಲ್ಲೇ ಅದಕ್ಕೆ ಒಂದು ಹೆಸರು ಕೇಳಿತು. ಇವರಿಗೇನಾ ಅಂದಾಗ "ಸರಿ" ಅಂತ ಕೇಳಿತು. ನಾಲ್ಕು ಸಲ ತಪ್ಪಾಗಿ ಕೇಳಿಸಿಕೊಂಡು ಮೆಸೇಜ್ ಕಳಿಸಿತು. ನೆಲಹಾಸಿನ ಮಾತಾಗಿದ್ದರಿಂದ ಬಚಾವಾದರು. ನಮ್ಮ ಹಾಲಿನಲ್ಲಿ ನೆಲಹಾಸಿನ ಮಾತು ಮಾತ್ರ ನಡೆಯುವುದಿಲ್ಲವಲ್ಲ.

ಹಿಸ್ಟರಿಯಲ್ಲಿದ್ದ ತುಣುಕಿನ ವಿಷಯ ಅಕ್ಕನಿಗೆ ಹೇಳಲೇಬೇಕಿತ್ತು. ಅವರ ಮಾತು, ಅವರಿಗೆ ಗೊತ್ತಿರಬೇಕು. ಚಹಾ ಕುಡಿಯುವ ಹೊತ್ತಿಗೆ ಕೂರಿಸಿ ಹೇಳಿದೆ. ಅವರು ಮೊದಲು ನಕ್ಕರು. "ಬಿಡ್ರೀ ಟೀಚರ್, ನಮ್ಮ ಮಾತು ಯಾರಿಗೆ ಬೇಕಾಗೇತಿ?"

ನಾನು ಪ್ಲೇ ಒತ್ತಿ ಕೇಳಿಸಿದೆ. ಅವರ ನಗು ನಿಂತಿತು. ತಮ್ಮ ದನಿ, ತಮ್ಮ ಕಂತು, ತಾವು ಬೇಡಿಕೊಂಡ ರೀತಿ. ಪೂರ್ತಿ ಕೇಳಲೂ ಇಲ್ಲ, ಕೈ ಅಡ್ಡ ಹಿಡಿದರು. "ತೆಗೀರಿ ಟೀಚರ್ ಅದನ್ನ. ಇದು ಯಾರ್ಯಾರಿಗೆ ಕೇಳೇತಿ?"

ಅವರ ಮುಂದೆಯೇ ಅಳಿಸಿದೆ. ಆದರೆ ಅವರು ಕೇಳಿದ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ.

ಯಂತ್ರದ ಮುಂದೆ ಆಡಿದ ಮಾತು ಯಂತ್ರಕ್ಕೆ ಮಾತ್ರ ಕೇಳುತ್ತದೆ ಅಂತ ಜನ ಅಂದುಕೊಂಡಿದ್ದ ಕಾಲವೊಂದಿತ್ತು. 2019ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಒಂದು ವರದಿ ಹಾಕಿತು. ಅಲೆಕ್ಸಾ ರೆಕಾರ್ಡ್ ಮಾಡಿದ ತುಣುಕುಗಳನ್ನು ಕೇಳಿ, ಬರೆದು, ಗುರುತು ಹಾಕಲು ಅಮೆಜಾನ್ ಸಾವಿರಾರು ಜನರನ್ನು ಇಟ್ಟುಕೊಂಡಿದೆ ಅಂತ. ಬಾಸ್ಟನ್, ಕೋಸ್ಟರಿಕಾ, ರೊಮೇನಿಯಾ ಮತ್ತು ನಮ್ಮ ಭಾರತದಲ್ಲಿ ಆ ಕಚೇರಿಗಳು. ಒಂಬತ್ತು ಗಂಟೆಯ ಪಾಳಿಯಲ್ಲಿ ಒಬ್ಬೊಬ್ಬರು 1,000 ತುಣುಕುಗಳವರೆಗೆ ಕೇಳುತ್ತಿದ್ದರು. ಬಚ್ಚಲಲ್ಲಿ ಹಾಡಿಕೊಳ್ಳುವ ಹೆಂಗಸು, ಸಹಾಯಕ್ಕೆ ಕಿರುಚುವ ಮಗು. ರೊಮೇನಿಯಾದ ಇಬ್ಬರಿಗೆ ತಾವು ಕೇಳಿದ್ದು ಲೈಂಗಿಕ ದೌರ್ಜನ್ಯ ಅನ್ನಿಸಿತ್ತು. ಮೇಲಿನವರನ್ನು ಕೇಳಿದಾಗ ನಡುವೆ ಬರುವುದು ಕಂಪನಿಯ ಕೆಲಸವಲ್ಲ ಅನ್ನುವ ಉತ್ತರ ಬಂತಂತೆ. ಇದನ್ನು ಓದಿದಾಗ ನನಗೆ ಹೆಡ್‌ಫೋನ್ ಹಾಕಿಕೊಂಡು ಕೂತ ಆ ನೌಕರರ ಮೇಲೂ ಮರುಕ ಹುಟ್ಟಿತು. ಕೇಳಿದವರೂ ಮನುಷ್ಯರೇ.

ಅದೇ ವರ್ಷದ ಜುಲೈನಲ್ಲಿ ಬೆಲ್ಜಿಯಂನ ವಿಆರ್‌ಟಿ ಚಾನೆಲ್‌ಗೆ ಗೂಗಲ್ ಅಸಿಸ್ಟಂಟ್‌ನ 1,000ಕ್ಕೂ ಹೆಚ್ಚು ತುಣುಕುಗಳು ಸಿಕ್ಕವು. ಅವುಗಳಲ್ಲಿ 153 ಯಾರೂ ಕರೆಯದೆ ರೆಕಾರ್ಡ್ ಆದವು. ಮಲಗುವ ಕೋಣೆಯ ಮಾತು, ಅಪ್ಪ ಅಮ್ಮ ಮಕ್ಕಳ ಮಾತು. ಸುಮಾರು 0.2 ಶೇಕಡಾ ತುಣುಕುಗಳನ್ನಷ್ಟೇ ಜನ ಕೇಳುತ್ತಾರೆ ಅಂತ ಗೂಗಲ್ ಹೇಳಿತು. ಆಪಲ್ ಫೋನಿನಲ್ಲಿ ಮಾತಿಗೆ ಉತ್ತರ ಕೊಡುವ ಸಿರಿಯಲ್ಲೂ ಅದೇ ಅಂತ ಗಾರ್ಡಿಯನ್ ಪತ್ರಿಕೆ ಬರೆಯಿತು. ಆಪಲ್ ಆ ಕೆಲಸ ನಿಲ್ಲಿಸಿ, ಕ್ಷಮೆ ಕೇಳಿ, ಇನ್ನು ಮುಂದೆ ಬಳಸುವವರು ಒಪ್ಪಿದರೆ ಮಾತ್ರ ಅಂತ ಬದಲಾಯಿಸಿತು. ಸಿರಿ ಸುಳ್ಳೇ ಎದ್ದು ರೆಕಾರ್ಡ್ ಮಾಡಿತು ಅನ್ನುವ ಮೊಕದ್ದಮೆಯಲ್ಲಿ 9.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು 2024ರ ಕೊನೆಯಲ್ಲಿ ಮುಂದಾಯಿತು. ತಪ್ಪೇನೂ ಒಪ್ಪಿಕೊಳ್ಳದೆ.

ಈ ಗಲಾಟೆಯ ನಂತರ ಕಂಪನಿಗಳು ಸೆಟ್ಟಿಂಗ್ಸ್‌ನಲ್ಲಿ ಒಂದಷ್ಟು ಸ್ವಿಚ್ ಕೊಟ್ಟಿವೆ. ನನ್ನ ರೆಕಾರ್ಡಿಂಗ್ ಜನ ಕೇಳುವುದು ಬೇಡ, ಉಳಿಸುವುದು ಬೇಡ, ಮೂರು ತಿಂಗಳಿಗೆ ತಾನೇ ಅಳಿಯಲಿ. ಒಳ್ಳೆಯದೇ. ಆದರೆ ಆ ಸ್ವಿಚ್ ಇರುವುದು ಖಾತೆ ಇರುವವರ ಫೋನಿನಲ್ಲಿ. ಅಕ್ಕನ ಫೋನಿನಲ್ಲಲ್ಲ.

"ನಮ್ಮ ಮಾತು ಯಾರಿಗೆ ಬೇಕು" ಅನ್ನುವ ಅವರ ಮಾತಿಗೆ ನನಗೆ ಇನ್ನೊಂದು ಉತ್ತರವೂ ಸಿಕ್ಕಿತು. ಬಹಳ ಜನಕ್ಕೆ ಬೇಕು. ಯಂತ್ರಕ್ಕೆ ಕನ್ನಡ ಕಲಿಸಬೇಕಾದರೆ ಸಾವಿರಾರು ಗಂಟೆ ಕನ್ನಡದ ಮಾತು ಬೇಕು. ಟಿವಿ ವಾರ್ತೆಯ ಕನ್ನಡ ಸಾಲದು. ದಾವಣಗೆರೆಯ "ಆಗೇತಿ, ಬಂದೇತಿ" ಬೇಕು, ಮಂಡ್ಯದ್ದು ಬೇಕು, ಕಲಬುರಗಿಯದು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ "ವಾಣಿ" ಯೋಜನೆ ಇದಕ್ಕೆಂದೇ ದೇಶದ ಜಿಲ್ಲೆ ಜಿಲ್ಲೆಗಳಿಂದ ಮಾತು ಸಂಗ್ರಹಿಸುತ್ತಿದೆ. ಜನರಿಗೆ ಚಿತ್ರ ತೋರಿಸಿ, ಇದರಲ್ಲಿ ಏನಿದೆ ನಿಮ್ಮ ಮಾತಿನಲ್ಲಿ ಹೇಳಿ ಅನ್ನುತ್ತಾರೆ. ಬೆಂಗಳೂರಿನದೇ ಆದ "ಕಾರ್ಯ" ಅನ್ನುವ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಕನ್ನಡದ ಸಾಲುಗಳನ್ನು ಫೋನಿನಲ್ಲಿ ಓದಿಸಿ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತದೆ ಅಂತ 2023ರಲ್ಲಿ ಟೈಮ್ ಪತ್ರಿಕೆ ಬರೆದಿತ್ತು. ಅದೇ ದತ್ತಾಂಶ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು.

ಇದನ್ನು ಅಕ್ಕನಿಗೆ ಹೇಳಿದಾಗ ಅವರ ಕಣ್ಣು ಅರಳಿತು. ಮಾತಾಡಿದ್ದಕ್ಕೆ ದುಡ್ಡು ಕೊಡ್ತಾರಾ ಅಂತ ಎರಡೆರಡು ಸಲ ಕೇಳಿದರು. ನನಗೆ ಇಲ್ಲಿ ಕಾಣುವ ಅಂತರ ಇದೇ. ಅಲ್ಲಿ ಬಂದು ಕೇಳುತ್ತಾರೆ, ಏತಕ್ಕೆ ಅಂತ ಹೇಳುತ್ತಾರೆ, ಏನು ಓದುತ್ತೇನೆ ಅಂತ ಓದುವವರಿಗೆ ಗೊತ್ತಿರುತ್ತದೆ, ಕೆಲಸ ಅಂತ ಲೆಕ್ಕ ಹಿಡಿಯುತ್ತಾರೆ. ನಮ್ಮ ಹಾಲಿನಲ್ಲಿ ಅದೇ ಹೆಂಗಸಿನ ಅದೇ ದನಿ, ಅವರ ಬದುಕಿನ ಅತ್ಯಂತ ಸಂಕಟದ ಮಾತಿನ ಸಮೇತ, ಯಾರ ಅಪ್ಪಣೆಯೂ ಇಲ್ಲದೆ ಹೊರಟುಹೋಗಿತ್ತು.

ದನಿಯಲ್ಲಿ ಮಾತು ಮಾತ್ರ ಇರುವುದಿಲ್ಲ. ವಯಸ್ಸು ಇರುತ್ತದೆ, ಊರು ಇರುತ್ತದೆ, ಮನಸ್ಸಿನ ಸ್ಥಿತಿ ಇರುತ್ತದೆ. ಈಗಿನ ಸ್ಪೀಕರ್‌ಗಳು ದನಿ ಕೇಳಿ ಮನೆಯವರಲ್ಲಿ ಇದು ಯಾರು ಅಂತ ಗುರುತಿಸಬಲ್ಲವು. 2018ರ ಅಕ್ಟೋಬರ್‌ನಲ್ಲಿ ಅಮೆಜಾನ್‌ಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ದನಿಯಿಂದ ಮನುಷ್ಯರ ದೇಹಸ್ಥಿತಿ, ಮನಃಸ್ಥಿತಿ ತಿಳಿಯುವ ಬಗೆ ಅದರ ವಿಷಯ. ಅದರಲ್ಲಿ ಕೊಟ್ಟಿರುವ ಉದಾಹರಣೆಯಲ್ಲಿ ಒಬ್ಬ ಹೆಂಗಸು ಕೆಮ್ಮುತ್ತಾ ಮಾತಾಡುತ್ತಾಳೆ. ಯಂತ್ರ ಸೂಪ್ ಮಾಡುವ ವಿಧಾನ ಬೇಕಾ ಅನ್ನುತ್ತದೆ, ಕೆಮ್ಮಿನ ಗುಳಿಗೆ ತರಿಸಲಾ ಅನ್ನುತ್ತದೆ. ಪೇಟೆಂಟ್ ಪಡೆದ ಮಾತ್ರಕ್ಕೆ ಅದನ್ನು ಬಳಸುತ್ತಿದ್ದಾರೆ ಅಂತಲ್ಲ. ಆದರೆ ಅತ್ತೆಯ ಆ ಕೆಮ್ಮಿನ ತುಣುಕು ನೆನಪಾಗಿ ನನಗೆ ಸುಮ್ನೆ ಇರಲು ಆಗಲಿಲ್ಲ. ಪಾಸ್‌ವರ್ಡ್ ಕಳೆದರೆ ಬೇರೆ ಹಾಕಿಕೊಳ್ಳಬಹುದು. ದನಿ ಬೇರೆ ಹಾಕಿಕೊಳ್ಳಲು ಬರುವುದಿಲ್ಲ.

ಮಕ್ಕಳ ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು. ಅವರು ನನ್ನ ಮಕ್ಕಳಲ್ಲ. ಅಪ್ಪ ಅಮ್ಮಂದಿರು ಲೆಕ್ಕ ಹೇಳಿಕೊಡಿ ಅಂತ ನಂಬಿ ಕಳಿಸಿದ್ದಾರೆ. ಅವರ ದನಿಯನ್ನು ಯಾರಿಗೋ ಕೊಡುವ ಹಕ್ಕು ನನಗೆಲ್ಲಿಂದ ಬಂತು? 2023ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಅಲ್ಲಿನ ನ್ಯಾಯ ಇಲಾಖೆ ಅಮೆಜಾನ್ ಮೇಲೆ ಇದೇ ವಿಷಯಕ್ಕೆ ಕೇಸು ಹಾಕಿದವು. ಮಕ್ಕಳು ಅಲೆಕ್ಸಾ ಜೊತೆ ಆಡಿದ ಮಾತಿನ ರೆಕಾರ್ಡಿಂಗನ್ನು ಕಂಪನಿ ಕಾಲಮಿತಿಯೇ ಇಲ್ಲದೆ ಇಟ್ಟುಕೊಂಡಿತ್ತು ಅನ್ನುವುದು ಆರೋಪ. ಹೆತ್ತವರು ಅಳಿಸಿ ಅಂದರೂ ಆಡಿಯೊ ತೆಗೆದು ಅದರ ಬರಹರೂಪ ಹಾಗೇ ಉಳಿಸಿಕೊಂಡಿತ್ತು ಅಂತಲೂ ಇತ್ತು. ಅಮೆಜಾನ್ ಆರೋಪ ಒಪ್ಪಲಿಲ್ಲ, ಆದರೆ 2.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಆಗಿನ ಲೆಕ್ಕಕ್ಕೆ ಸುಮಾರು 200 ಕೋಟಿ ರೂಪಾಯಿ. ಅಕ್ಕನ ಮುಂದೆ ನಾನು ಅಳಿಸಿದೆನಲ್ಲ, ಅದು ನಿಜಕ್ಕೂ ಅಳಿಯಿತಾ ಅನ್ನುವ ಅನುಮಾನ ಹುಟ್ಟಿದ್ದು ಈ ಕೇಸು ಓದಿದ ಮೇಲೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ ಅಂತಲೂ ಹುಡುಕಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ. ಆ ತೀರ್ಪಿನ ಹೆಸರಿನಲ್ಲೇ ನಮ್ಮ ಕರ್ನಾಟಕದವರು ಒಬ್ಬರಿದ್ದಾರೆ. ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ವಿಷಯಕ್ಕೆ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿ ಎಷ್ಟೋ ವರ್ಷವಾಗಿತ್ತು. 2024ರಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ಬೆಂಗಳೂರಿನಿಂದ ಹೊರಟ ಒಂದು ಅರ್ಜಿ ದೇಶಕ್ಕೇ ಒಂದು ಹಕ್ಕನ್ನು ಗಟ್ಟಿ ಮಾಡಿಕೊಟ್ಟಿತು. ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿದ್ದೇನೆ. ಸಮಾಜ ವಿಜ್ಞಾನ ನನ್ನ ವಿಷಯವಲ್ಲದಿದ್ದರೂ.

ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ. ಇದರಲ್ಲಿ ನನಗೆ ತುಂಬಾ ಇಷ್ಟವಾದ ಎರಡು ಅಂಶಗಳಿವೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡವೂ ಬಂತು. ಎರಡನೆಯದು, 18 ವರ್ಷ ತುಂಬದವರ ದತ್ತಾಂಶ ಮುಟ್ಟಬೇಕಾದರೆ ಹೆತ್ತವರ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸುವಂತೆ ಇರಬೇಕು. ಹದಿಮೂರು, ಹದಿನಾಲ್ಕಲ್ಲ, ಪೂರಾ ಹದಿನೆಂಟು.

ಓದಲು ಚೆನ್ನಾಗಿದೆ. ಆದರೆ ನಮ್ಮ ಹಾಲಿಗೆ ಇದು ಹೇಗೆ ಬರುತ್ತದೆ? ಟ್ಯೂಷನ್‌ಗೆ ಬಂದ ಹುಡುಗ ಬಾಯಿ ತೆರೆಯುವ ಮುಂಚೆ ಅವನ ಅಮ್ಮನಿಗೆ ಕಂಪನಿ ಮೆಸೇಜ್ ಕಳಿಸುತ್ತದಾ? ಅವನು ಅಲ್ಲಿದ್ದಾನೆ ಅಂತಲೇ ಕಂಪನಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮೈದುನನ ಖಾತೆ ಮಾತ್ರ. ಈ ಕಂದಕವನ್ನು ಕಾನೂನು ತಾನಾಗಿ ತುಂಬುವವರೆಗೆ ಕಾಯಲು ನಾನು ತಯಾರಿಲ್ಲ. ಮನೆಯಲ್ಲಿ ಇರುವವರು ನಾವು. ಕೇಳಬೇಕಾದವರೂ ನಾವೇ.

ಇದು ನನ್ನೊಬ್ಬಳ ಅತಿ ಅಂತ ಅನ್ನಿಸಬಾರದು. 2019ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಯಂತ್ರಗಳ ವಿಭಾಗದ ಮುಖ್ಯಸ್ಥ ರಿಕ್ ಆಸ್ಟರ್ಲೋ ಅವರನ್ನು ಬಿಬಿಸಿಯವರು ಇದನ್ನೇ ಕೇಳಿದ್ದರು. ಮನೆಗೆ ಬಂದ ಅತಿಥಿಗಳಿಗೆ ಸ್ಪೀಕರ್ ಇದೆ ಅಂತ ಹೇಳಬೇಕಾ ಅಂತ. ಹೌದು, ಹೇಳಬೇಕು, ತಮ್ಮ ಮನೆಗೆ ಬಂದವರಿಗೆ ತಾವು ಹೇಳುತ್ತೇವೆ ಅನ್ನುವ ಅರ್ಥದಲ್ಲಿ ಅವರು ಉತ್ತರಿಸಿದರು. ಮಾಡಿ ಮಾರುವವರೇ ಹೀಗೆ ಹೇಳಿರುವಾಗ ಕೊಂಡವರು ಹೇಳಲು ಸಂಕೋಚ ಪಡಬೇಕಾಗಿಲ್ಲ.

ಹೊರಗೆ ಏನನ್ನೂ ಕಳಿಸದೆ ಮನೆಯೊಳಗೇ ಮಾತು ಅರ್ಥ ಮಾಡಿಕೊಳ್ಳುವ ವ್ಯವಸ್ಥೆಯೂ ಇದೆ. ಹೋಮ್ ಅಸಿಸ್ಟಂಟ್ ಅನ್ನುವ ಮುಕ್ತ ತಂತ್ರಾಂಶದವರು 2024ರ ಡಿಸೆಂಬರ್‌ನಲ್ಲಿ ಇದಕ್ಕಾಗಿಯೇ ಒಂದು ಸಣ್ಣ ಯಂತ್ರ ಬಿಟ್ಟಿದ್ದಾರೆ. ಇಲ್ಲೇ ಇಂಜಿನಿಯರಿಂಗ್ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ತಂತ್ರಾಂಶವನ್ನು ತನ್ನ ಕಂಪ್ಯೂಟರಿನಲ್ಲಿ ಹಾಕಿಕೊಂಡು ಪ್ರಯೋಗ ಮಾಡುತ್ತಿದ್ದಾನೆ. ಕನ್ನಡದಲ್ಲಿ ಲೈಟ್ ಹಾಕು ಅಂದರೆ ಸ್ವಲ್ಪ ಯೋಚಿಸಿ ಹಾಕುತ್ತದೆ, ಕೆಲವೊಮ್ಮೆ ಫ್ಯಾನ್ ಹಾಕುತ್ತದೆ. ಅತ್ತೆಯ ಕೈಗೆ ಕೊಡುವಷ್ಟು ಪಳಗಿಲ್ಲ. ಆದರೆ ಇಂಟರ್ನೆಟ್ ತಂತಿ ಕಿತ್ತರೂ ಅದು ಕೆಲಸ ಮಾಡಿದ್ದನ್ನು ನಾನೇ ನೋಡಿದೆ. ಆಗುವುದಿಲ್ಲ ಅನ್ನುವ ಮಾತೇ ಇಲ್ಲ. ದೊಡ್ಡ ಕಂಪನಿಗಳು ಮನಸ್ಸು ಮಾಡಿದರೆ ಇದನ್ನು ಎಷ್ಟೋ ಚೆನ್ನಾಗಿ ಮಾಡಬಲ್ಲವು. ಆದರೆ ಅಮೆಜಾನ್ ಹೋಗಿದ್ದು ಬೇರೆ ದಿಕ್ಕಿಗೆ. ಅಮೆರಿಕದಲ್ಲಿ ಕೆಲವು ಎಕೋಗಳಲ್ಲಿ ರೆಕಾರ್ಡಿಂಗ್ ಕಳಿಸಬೇಡ, ಡಬ್ಬಿಯಲ್ಲೇ ಅರ್ಥ ಮಾಡಿಕೋ ಅನ್ನುವ ಆಯ್ಕೆ ಇತ್ತು. 2025ರ ಮಾರ್ಚ್ 28ರಿಂದ ಅದನ್ನು ತೆಗೆದುಹಾಕಿತು. ಹೊಸ ಎಐ ಸೌಲಭ್ಯಗಳಿಗೆ ಸರ್ವರಿನ ಬಲ ಬೇಕು ಅನ್ನುವುದು ಕಾರಣ.

ನಮ್ಮ ಮನೆಯಲ್ಲಿ ಈಗ ಇರುವ ವ್ಯವಸ್ಥೆ ಹೇಳುತ್ತೇನೆ. ಸ್ಪೀಕರ್ ಹಾಲಿನಿಂದ ಅತ್ತೆಯ ಕೋಣೆಗೆ ಹೋಗಿದೆ. ಅದನ್ನು ಕರೆಯುವ ಹೆಸರು ಬದಲಾಯಿಸಿದ್ದೇವೆ, ಆ ಹುಡುಗಿಯ ಹೆಸರಿಗೆ ಹತ್ತಿರ ಬಾರದ ಹಾಗೆ. ಜನ ಕೇಳುವ ಆಯ್ಕೆ ಆಫ್, ರೆಕಾರ್ಡಿಂಗ್ ಉಳಿಸುವುದು ಆಫ್. ಇದನ್ನು ಮೈದುನನಿಂದಲೇ ಅವನ ಫೋನಿನಲ್ಲಿ ಮಾಡಿಸಿದೆ. ಟ್ಯೂಷನ್ ಹೊತ್ತಿಗೆ ಮೈಕ್ ಬಂದ್ ಮಾಡುವ ಬಟನ್ ಒತ್ತುತ್ತೇವೆ, ಕೆಂಪು ದೀಪ ಬರುತ್ತದೆ. ಅತ್ತೆಗೆ ಕೆಂಪು ಬಣ್ಣ ಕಾಣುತ್ತದೆ, ಹಾಗಾಗಿ ಈಗ ಅವರೇ ಅದರ ಉಸ್ತುವಾರಿ. ಮೊದಲು ಅವರಿಗೆ ಇದೆಲ್ಲ ಜಾಸ್ತಿ ಆಯಿತು ಅನ್ನಿಸಿತ್ತು. "ಹಾಡು ಹೇಳ್ತೇತಿ, ಟೈಮ್ ಹೇಳ್ತೇತಿ, ಪಾಪ ಅದೇನ್ ಮಾಡ್ತೇತಿ?" ಅಂದಿದ್ದರು. ಅವರ ಕೆಮ್ಮಿನ ತುಣುಕು ಕೇಳಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಗಿ ಜೊತೆ ಫೋನಿನಲ್ಲಿ ಮಾತಾಡುವಾಗಲೂ ಬಂದ್ ಮಾಡಲು ಬರುತ್ತಾ ಅಂತ ಕೇಳಿದರು. ಆ ಬಟನ್ ಎಲ್ಲಿದೆ ಅಂತ ಬೆರಳು ಹಿಡಿದು ತೋರಿಸಿದೆ.

ಮಕ್ಕಳ ಮನೆಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಕನ್ನಡದಲ್ಲೇ ಬರೆದು ಹಾಕಿದೆ. ಮನೆಯಲ್ಲಿ ಇಂಥ ಯಂತ್ರ ಇದೆ, ಹಿಂದೆ ಹಾಲಿನಲ್ಲಿತ್ತು, ಮಕ್ಕಳ ಕೆಲವು ಮಾತು ರೆಕಾರ್ಡ್ ಆಗಿದ್ದವು, ಅಳಿಸಿದ್ದೇನೆ, ಈಗ ಬೇರೆ ಕೋಣೆಯಲ್ಲಿದೆ ಅಂತ. ಹೆಚ್ಚಿನವರು ಕೈ ಮುಗಿದ ಚಿಹ್ನೆ ಹಾಕಿ ಸುಮ್ಮನಾದರು. ಒಬ್ಬ ತಾಯಿ ಮಾತ್ರ ಫೋನ್ ಮಾಡಿದರು. ತಮ್ಮ ಮನೆಯ ಟಿವಿ ರಿಮೋಟಿನಲ್ಲೂ ಮೈಕ್ ಗುರುತು ಇದೆಯಲ್ಲ, ಅದೂ ಹೀಗೇನಾ ಅಂತ ಕೇಳಿದರು. ಅವರ ರಿಮೋಟಿನ ಮೈಕ್ ಗುಂಡಿ ಒತ್ತಿ ಹಿಡಿದಾಗ ಮಾತ್ರ ಕೇಳುವಂಥದ್ದು ಅಂತ ಇಬ್ಬರೂ ಕೂತು ನೋಡಿದೆವು. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ದನಿಗೆ ಸಂಬಂಧಿಸಿದ ಇನ್ನೊಂದು ಒಪ್ಪಿಗೆ ಇತ್ತು. ಅದನ್ನು ಅವರು ಆಫ್ ಮಾಡಿಕೊಂಡರು.

ಮೈದುನನ ಹೊಸ ಯೋಜನೆ ಕ್ಯಾಮರಾ ಇರುವ ಡೋರ್‌ಬೆಲ್. ಅತ್ತೆ ಒಬ್ಬರೇ ಇರುವಾಗ ಬಾಗಿಲಿಗೆ ಯಾರು ಬಂದರು ಅಂತ ತಿಳಿಯಲಿ ಅಂತ. ಅವನ ಕಾಳಜಿ ನಿಜ. ಆದರೆ ಆ ಕ್ಯಾಮರಾದಲ್ಲಿ ನಮ್ಮ ಬಾಗಿಲು ಮಾತ್ರವಲ್ಲ, ಎದುರು ಮನೆಯ ಗೇಟೂ ಬೀಳುತ್ತದೆ, ರಸ್ತೆಯ ಮಾತೂ ಕೇಳುತ್ತದೆ. 2023ರ ಅದೇ ಮೇ ತಿಂಗಳಲ್ಲಿ ಅಮೆಜಾನ್‌ನದೇ ಆದ ರಿಂಗ್ ಕಂಪನಿ ಇನ್ನೊಂದು ಕೇಸಿನಲ್ಲಿ 58 ಲಕ್ಷ ಡಾಲರ್ ಕೊಡಲು ಒಪ್ಪಿತ್ತು. ಗ್ರಾಹಕರ ಮನೆಯೊಳಗಿನ ವಿಡಿಯೊಗಳನ್ನು ನೌಕರರು ನೋಡಲು ಬಿಟ್ಟಿತ್ತು ಅನ್ನುವುದು ಅಲ್ಲಿನ ಆರೋಪ. ಅದನ್ನೆಲ್ಲ ಅವನಿಗೆ ಹೇಳಿ, ಹಾಕುವ ಮುಂಚೆ ಎದುರು ಮನೆಯವರನ್ನು ಕೇಳೋಣ ಅಂದೆ. ಅಷ್ಟಕ್ಕೆಲ್ಲ ಕೇಳಬೇಕಾ ಅತ್ತಿಗೆ ಅಂದ. ಕೇಳಬೇಕು ಅಂದೆ.

ಭಾನುವಾರ ಇಬ್ಬರೂ ಹೋಗಿ ಕೇಳಿದೆವು. ಎದುರು ಮನೆಯ ಅಜ್ಜಿ ಪೂರ್ತಿ ಕೇಳಿಸಿಕೊಂಡರು. ತಾವು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ ಹೇಗೆಂದರೆ ಹಾಗೆ ಇರುತ್ತೇವೆ, ಅದು ಬೀಳಬಾರದು ಅಂದರು. "ನಮ್ಮ ಗೇಟ್ ಬಿಟ್ಟು, ಮೆಟ್ಲು ಕಡೆ ತಿರುಗ್ಸಿ ಹಾಕ್ರಿ, ನಂದೇನೂ ತಕರಾರಿಲ್ಲ." ಮೈದುನ ಅಲ್ಲೇ ನಿಂತು ನಮ್ಮ ಬಾಗಿಲಿನ ಕಡೆ ನೋಡುತ್ತಾ ಕೈಯಲ್ಲೇ ಕೋನ ಲೆಕ್ಕ ಹಾಕಿದ. ಬೆಲ್ ಈಗ ಮೆಟ್ಟಿಲ ಕಡೆಗೆ ಬರುತ್ತದೆ. ದನಿ ರೆಕಾರ್ಡ್ ಮಾಡುವುದನ್ನು ಆಫ್ ಮಾಡಲು ಬರುವಂಥದ್ದನ್ನೇ ಆರಿಸು ಅಂತ ಹೇಳಿದ್ದೇನೆ. ಅವನು ಅದನ್ನು ಹುಡುಕುತ್ತಿದ್ದಾನೆ.